ಕಿಟಕಿ ಇರೋ ಚಿಪ್, ಕೈಬರಹದ ಸ್ಟಿಕರ್: ಇದು ಬಿಡುಗಡೆಯಾಗದ ಗೇಮಾ, ನಕಲಿಯಾ?

ಪ್ರಶ್ನೆ: ಸರ್, ನಮ್ಮದು ಹುಮನಾಬಾದ್. ನಮ್ಮ ಸೋದರಮಾವ ದುಬೈನಲ್ಲಿ ಆಟಿಕೆ, ಎಲೆಕ್ಟ್ರಾನಿಕ್ಸ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. 2002ರಲ್ಲಿ ವಾಪಸ್ ಬರುವಾಗ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಒಂದು ಗೇಮ್ ಬಾಯ್ ಕಲರ್, ಅದಕ್ಕೆ ಹಾಕುವ ಗೇಮ್ ಕಾರ್ಟ್ರಿಜ್ ಒಂದು ಡಬ್ಬಿ ತಂದಿದ್ದರು. ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಸಿಕ್ಕವು. ಒಂದು ಕಾರ್ಟ್ರಿಜ್‌ಗೆ ಲೇಬಲ್ಲೇ ಇಲ್ಲ. ಒಂದು ಬದಿಯ ಪ್ಲಾಸ್ಟಿಕ್ ಕತ್ತರಿಸಿದೆ, ದೊಡ್ಡ ಚಿಪ್ ಹೊರಗೆ ಕಾಣುತ್ತದೆ. ಅದರ ಮೇಲೆ ಬಿಳಿ ಸ್ಟಿಕರ್. ಪೆನ್ನಿನಲ್ಲಿ ‘ಡೆಮೊ 3-99’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಸ್ಟಿಕರ್ ಅಂಚಿನಲ್ಲಿ ಗಾಜಿನಂಥದ್ದು ಹೊಳೆಯುತ್ತದೆ. ಹಾಕಿದರೆ ಒಮ್ಮೊಮ್ಮೆ ಆಟ ಶುರುವಾಗುತ್ತದೆ, ಎರಡನೇ ಲೆವೆಲ್‌ನಲ್ಲಿ ನಿಂತುಬಿಡುತ್ತದೆ. ಹೈದರಾಬಾದಿನ ಒಬ್ಬರು ಫೋಟೊ ನೋಡಿ ಐದು ಸಾವಿರ ಕೊಡ್ತೀನಿ ಅಂತಿದ್ದಾರೆ. ಇದು ಬಿಡುಗಡೆಯಾಗದ ಗೇಮ್ ಇರಬಹುದಾ? ಸ್ಟಿಕರ್ ಕಿತ್ತು ಚಿಪ್ ನಂಬರ್ ನೋಡಲಾ? ಮಾರಲಾ?

ಉತ್ತರ: ಸ್ಟಿಕರ್ ಕೀಳಬೇಡಿ. ಉಳಿದದ್ದೆಲ್ಲ ಆಮೇಲೆ. ಒಳಗಿರುವ ಡೇಟಾವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ತನಕ ಮಾರುವುದೂ ಬೇಡ.

ಇದು ಪ್ರೊಟೊಟೈಪ್, ಅಂದರೆ ಗೇಮ್ ತಯಾರಾಗುತ್ತಿರುವಾಗಿನ ಪರೀಕ್ಷೆಯ ಪ್ರತಿ, ಹೌದೋ ಅಲ್ಲವೋ ಅಂತ ಫೋಟೊ ನೋಡಿ ಯಾರೂ ಹೇಳಲಾರರು. ನಾನೂ ಹೇಳಲಾರೆ, ಹೈದರಾಬಾದಿನವರೂ ಹೇಳಲಾರರು. ಕೈಬರಹ, ಕತ್ತರಿಸಿದ ಪ್ಲಾಸ್ಟಿಕ್, ಹಳೆ ತಾರೀಕು ಎಲ್ಲ ಸುಳಿವು ಅಷ್ಟೇ. ಸಾಕ್ಷಿ ಇರುವುದು ಚಿಪ್ಪಿನ ಒಳಗಿನ ಬೈಟ್‌ಗಳಲ್ಲಿ. ಅವನ್ನು ಓದಿದ ಮೇಲೆ ಅದು ಏನು ಅಂತ ಗೊತ್ತಾಗುತ್ತದೆ, ಬೆಲೆಯ ಮಾತೂ ಆಗ ಆಡಬಹುದು. ಓದದೆ ಮಾರಿದರೆ ನೀವು ಏನು ಮಾರಿದಿರಿ ಅನ್ನೋದು ನಿಮಗೆ ಯಾವತ್ತೂ ತಿಳಿಯಲ್ಲ.

ಮೊದಲು ಆ ಗಾಜಿನ ಹೊಳಪಿನ ಕಥೆ. ನಿಮ್ಮ ವಿವರಣೆ ಸರಿ ಇದ್ದರೆ ಅದು ಇಪ್ರೋಮ್ ಚಿಪ್. ನಡುವೆ ಸ್ಫಟಿಕದ ಸಣ್ಣ ಕಿಟಕಿ ಇರುತ್ತದೆ. ಅಂಗಡಿಯಲ್ಲಿ ಮಾರುವ ಗೇಮ್ ಬಾಯ್ ಕಾರ್ಟ್ರಿಜ್‌ನಲ್ಲಿ ಈ ಚಿಪ್ ಇರಲ್ಲ. ಅದರಲ್ಲಿರುವುದು ಮಾಸ್ಕ್ ರೋಮ್. ಮಾಸ್ಕ್ ರೋಮ್ ಅಂದರೆ ಚಿಪ್ ತಯಾರಾಗುವಾಗಲೇ ಗೇಮ್ ಅದರೊಳಗೆ ಅಚ್ಚಾಗಿಬಿಡುತ್ತದೆ. ಆಮೇಲೆ ತಿದ್ದೋಕೆ ಆಗಲ್ಲ. ಸಾವಿರಗಟ್ಟಲೆ ಮಾಡಿಸಿದರೆ ಅಗ್ಗ, ಒಂದೆರಡಕ್ಕೆ ಮಾಡಿಸಿದರೆ ಗಿಟ್ಟಲ್ಲ. ಗೇಮ್ ಇನ್ನೂ ತಯಾರಾಗುತ್ತಿರುವಾಗ ದಿನಕ್ಕೊಂದು ಬದಲಾವಣೆ ಇರುತ್ತದೆ. ಆಗ ಬರೆದು, ಅಳಿಸಿ, ಮತ್ತೆ ಬರೆಯುವ ಚಿಪ್ ಬೇಕು. ಅದೇ ಇಪ್ರೋಮ್. ಮದುವೆ ಕಾರ್ಡ್ ಅಚ್ಚಿಗೆ ಕೊಟ್ಟಾಗ ಪ್ರೆಸ್ಸಿನವರು ಮೊದಲು ಒಂದು ಪ್ರೂಫ್ ತೋರಿಸುತ್ತಾರಲ್ಲ, ಹೆಸರು, ಮುಹೂರ್ತ ನೋಡಿ ತಿದ್ದಿಕೊಡಿ ಅಂತ? ಇಪ್ರೋಮ್ ಕಾರ್ಟ್ರಿಜ್ ಅಂಥ ಪ್ರೂಫು. ಕೆಲಸ ಮುಗಿದ ಮೇಲೆ ಯಾರೂ ಎತ್ತಿಡಲ್ಲ.

ಈ ಚಿಪ್ಪಿನ ಪ್ರತಿ ಕೋಶದಲ್ಲೂ ಸುತ್ತ ನಿರೋಧಕ ಪದರ ಇರುವ ಒಂದು ಪುಟ್ಟ ಜಾಗ ಇದೆ. ಅಲ್ಲಿ ಎಲೆಕ್ಟ್ರಾನ್ ಕೂಡಿಹಾಕಿದರೆ ಆ ಬಿಟ್ 0. ಖಾಲಿ ಇದ್ದರೆ 1. ಅಳಿಸಬೇಕಾದರೆ ಕಿಟಕಿಯ ಮೂಲಕ 253.7 ನ್ಯಾನೊಮೀಟರ್ ಅಲೆಯ ನೇರಳಾತೀತ ಬೆಳಕು ಬಿಡುತ್ತಾರೆ. ಎಲೆಕ್ಟ್ರಾನ್‌ಗಳಿಗೆ ಶಕ್ತಿ ಬಂದು ಹೊರಗೆ ಹಾರಿಹೋಗುತ್ತವೆ, ಎಲ್ಲ ಬಿಟ್ 1 ಆಗುತ್ತದೆ. ಸ್ಟಿಕರ್ ಇರುವುದು ಹೆಸರು ಬರೆಯೋಕೆ ಮಾತ್ರ ಅಲ್ಲ, ಬೆಳಕು ತಡೆಯೋಕೆ. ಹಳೆ ಇಪ್ರೋಮ್‌ಗಳ ಡೇಟಾಶೀಟ್‌ನಲ್ಲೇ ಬರೆದಿರುತ್ತಾರೆ: ಕಿಟಕಿ ತೆರೆದಿಟ್ಟರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು ಮೂರು ವರ್ಷ, ಅಷ್ಟರಲ್ಲಿ ಡೇಟಾ ಅಳಿಸಬಹುದು ಅಂತ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಯಾವ ಥರದ್ದು ಅಂತ ನಿಮಗೆ ಹೇಳಬೇಕಾಗಿಲ್ಲ.

ಬಿಸಿಲಷ್ಟೇ ಅಲ್ಲ, ಸೆಕೆಯೂ ಶತ್ರು. ತಾಪಮಾನ ಏರಿದಷ್ಟೂ ಆ ಚಾರ್ಜ್ ಬೇಗ ಸೋರುತ್ತದೆ. ಅಟ್ಟದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಕಳೆದ ಚಿಪ್ ಅದು. ಇನ್ನೂ ಒಮ್ಮೊಮ್ಮೆ ಆನ್ ಆಗುತ್ತಿದೆ ಅನ್ನೋದೇ ದೊಡ್ಡದು. ಈಗಿನಿಂದ ಕೆಳಗಿನ ಮನೆಯಲ್ಲಿ, ಅಲಮಾರಿಯೊಳಗೆ ಇಡಿ. ಸ್ಟಿಕರ್ ಅಂಚಿನಲ್ಲಿ ಗಾಜಿನಂಥದ್ದು ಹೊಳೆಯುತ್ತದೆ ಅಂದಿರಿ. ಅದರ ಮೇಲೆ ಅಲ್ಯೂಮಿನಿಯಂ ಫಾಯಿಲಿನ ಒಂದು ತುಂಡು ಇಟ್ಟು, ಸ್ಟಿಕರಿಗೆ ಅಂಟದ ಹಾಗೆ ಚಿಪ್ಪಿನ ಎರಡು ತುದಿಗೆ ಮಾತ್ರ ಟೇಪ್ ಹಾಕಿ. ಫಾಯಿಲ್ ಪಿನ್‌ಗಳಿಗೆ ತಾಗಬಾರದು. ಆನ್ ಮಾಡುವಾಗ ತೆಗೆದುಬಿಡಿ.

ಇನ್ನು ನಿಮ್ಮ ಗೇಮ್ ಎರಡನೇ ಲೆವೆಲ್‌ನಲ್ಲಿ ನಿಲ್ಲುವ ವಿಷಯ. ಪಿನ್‌ಗೆ ಕೊಳೆ ಹಿಡಿದಿರಬಹುದು. ಕೆಲವು ಬಿಟ್ ಸೋರಿ ಹೋಗಿರಬಹುದು. ಅಥವಾ ಆ ಗೇಮ್ ಅಲ್ಲಿಯವರೆಗೆ ಮಾತ್ರ ತಯಾರಾಗಿರಬಹುದು. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಕೊನೆಯ ಎರಡರಲ್ಲಿ ಒಂದು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಕೊಳೆಯ ಮೇಲೇ ಅನುಮಾನ ಜಾಸ್ತಿ. ಆನ್ ಮಾಡಿದಾಗ ಪರದೆಯಲ್ಲಿ ಬರುವ ನಿಂಟೆಂಡೊ ಹೆಸರು ಒಡೆದು ಬಂದರೆ, ಅಥವಾ ಅದರ ಜಾಗದಲ್ಲಿ ಕಪ್ಪು ಪಟ್ಟಿ ಬಂದರೆ ಅದು ಬಹುಮಟ್ಟಿಗೆ ಸಂಪರ್ಕದ ತೊಂದರೆ. ಏಕೆಂದರೆ ಆ ಹೆಸರಿನ ಚಿತ್ರ ಬರುವುದು ಕಾರ್ಟ್ರಿಜ್‌ನಿಂದಲೇ. ಯಂತ್ರ ಅದನ್ನು ತನ್ನೊಳಗಿನ ಪ್ರತಿಯ ಜೊತೆ ಹೋಲಿಸಿ, ಸರಿಹೋದರೆ ಮಾತ್ರ ಮುಂದೆ ಬಿಡುತ್ತದೆ. ಬಾಯಿಂದ ಊದಬೇಡಿ, ತೇವ ಕೂರುತ್ತದೆ. ರಬ್ಬರಿನಿಂದ ಉಜ್ಜುವುದೂ ಬೇಡ, ಚಿನ್ನದ ಲೇಪ ಹೋಗುತ್ತದೆ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಕಡ್ಡಿಗೆ ಹಚ್ಚಿ ಒರೆಸಿ. ಮೊಬೈಲ್ ರಿಪೇರಿ ಸಾಮಾನು ಮಾರುವವರ ಹತ್ತಿರ ‘ಐಪಿಎ’ ಅಂತ ಕೇಳಿದರೆ ಕೊಡುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಪ್ರೋಮ್ ಇದೆ ಅಂದಮಾತ್ರಕ್ಕೆ ಬಿಡುಗಡೆಯಾಗದ ಗೇಮ್ ಅಂತ ಅಲ್ಲ. ಇಂಥ ಕಾರ್ಟ್ರಿಜ್‌ಗಳಲ್ಲಿ ಹಲವು ಜಾತಿ. ಸ್ಟುಡಿಯೋದೊಳಗೆ ಪರೀಕ್ಷೆಗೆ ಬರೆದವು ಇರುತ್ತವೆ. ಮೇಳದಲ್ಲಿ ತೋರಿಸೋಕೆ ಒಂದೆರಡು ಲೆವೆಲ್ ಮಾತ್ರ ಹಾಕಿದ ಡೆಮೊ ಇರುತ್ತವೆ. ವಿಮರ್ಶೆ ಬರೆಯಲಿ ಅಂತ ಪತ್ರಿಕೆಗಳಿಗೆ ಕಳಿಸಿದವು, ಅಂಗಡಿಗಳಿಗೆ ವಿತರಕರು ಕೊಟ್ಟ ಸ್ಯಾಂಪಲ್ ಇರುತ್ತವೆ. ವಿಮರ್ಶೆಗೆ ಕಳಿಸಿದ ಕಾರ್ಟ್ರಿಜ್‌ನಲ್ಲಿ ಎಷ್ಟೋ ಸಲ ಅಂಗಡಿಗೆ ಬಂದ ಗೇಮೇ ಒಂದು ಬೈಟ್ ವ್ಯತ್ಯಾಸ ಇಲ್ಲದೆ ಇರುತ್ತದೆ. ಸಂಗ್ರಹ ಮಾಡುವವರಿಗೆ ಅದು ಇಷ್ಟ. ಆಟದ ಇತಿಹಾಸಕ್ಕೆ ಅದರಿಂದ ಸಿಗುವುದು ಕಮ್ಮಿ.

ಪೈರೇಟೆಡ್ ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಲಬುರಗಿ, ಬೀದರ್ ಕಡೆ ಗೇಮ್ ಬಾಯ್ ಬಂದದ್ದೇ ಹೆಚ್ಚಾಗಿ ಕೊಲ್ಲಿಗೆ ಹೋದವರ ಬ್ಯಾಗಿನಲ್ಲಿ. ಉಳಿದವರಿಗೆ ಶರಣಬಸವೇಶ್ವರ ಜಾತ್ರೆಯಲ್ಲಿ ಸಿಗುತ್ತಿದ್ದ ‘9999 ಇನ್ 1’ ಬ್ರಿಕ್ ಗೇಮೇ ಗತಿ. ಅದರಲ್ಲಿ ಬೇರೆ ಬೇರೆ ಆಟ ಅಂತ ಹುಡುಕಿದರೆ ಬೆರಳೆಣಿಕೆ, ಉಳಿದದ್ದೆಲ್ಲ ವೇಗ ಬದಲಾಯಿಸಿದ ಅದೇ ಆಟಗಳು. ಕೊಲ್ಲಿಯಿಂದ ಬಂದ ಡಬ್ಬಿಗಳಲ್ಲಿ ಅಸಲಿ ಜೊತೆ ನಕಲಿಯೂ ಇರುತ್ತಿತ್ತು. ಆದರೆ ದೊಡ್ಡ ಸಂಖ್ಯೆಯಲ್ಲಿ ಮಾಡಿದ ನಕಲಿ ಕಾರ್ಟ್ರಿಜ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಬೋರ್ಡ್ ಮೇಲೆ ಡಾಂಬರು ಸುರಿದಂತಿರುವ ಕಪ್ಪು ಮುದ್ದೆ. ಅದರಡಿ ಚಿಪ್ ಇರುತ್ತದೆ. ಇತ್ತೀಚಿನ ನಕಲಿಗಳಲ್ಲಿ ತೆಳ್ಳಗಿನ ಫ್ಲ್ಯಾಶ್ ಚಿಪ್. ಕಿಟಕಿಯ ಇಪ್ರೋಮ್ ದುಬಾರಿ, ದಪ್ಪ, ಡಬ್ಬಿಯೊಳಗೆ ಕೂರಲ್ಲ. ನಿಮ್ಮದರ ಪ್ಲಾಸ್ಟಿಕ್ ಕತ್ತರಿಸಿರುವುದು ಅದಕ್ಕೇ. ಅಂಗಡಿಯಲ್ಲಿ ಮಾರೋಕೆ ಯಾರೂ ಇಂಥದ್ದು ಮಾಡಲ್ಲ. ಇದು ನಿಮ್ಮ ಕಡೆಗಿರುವ ಒಳ್ಳೆ ಸುಳಿವು.

ಇದರ ಎದುರು ಇನ್ನೊಂದು ಮಾತಿದೆ. ಪ್ರೊಟೊಟೈಪ್‌ಗೆ ಬೆಲೆ ಬಂದ ಮೇಲೆ ಇಂಟರ್‌ನೆಟ್‌ನಿಂದ ಇಳಿಸಿದ ಗೇಮನ್ನು ಹಳೆ ಇಪ್ರೋಮ್‌ಗೆ ಬರೆದು, ಮಾಸಿದ ಸ್ಟಿಕರ್ ಅಂಟಿಸಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ನಿಮ್ಮದು 2002ರಿಂದ ಮನೆಯಲ್ಲೇ ಇತ್ತು, ಹಾಗಾಗಿ ಆ ಭಯ ಕಮ್ಮಿ. ಆದರೂ ಒಂದು ಪರೀಕ್ಷೆ ಮಾಡಿ. ಚಿಪ್ ಮೇಲೆ, ಕೆಲವು ಸಲ ಹೊಟ್ಟೆಯ ಕಡೆ, ನಾಲ್ಕು ಅಂಕಿಯ ತಾರೀಕಿನ ಕೋಡ್ ಇರುತ್ತದೆ. 9823 ಅಂದರೆ 1998ರ 23ನೇ ವಾರ. ಸ್ಟಿಕರ್ ಮೇಲೆ 3-99 ಅಂತಿದ್ದು ಚಿಪ್ ಮೇಲೆ 0114 ಅಂತಿದ್ದರೆ, ಆ ಬರಹ ಸುಳ್ಳು ಅಥವಾ ಸ್ಟಿಕರ್ ಬೇರೆ ಚಿಪ್ಪಿನದು. ಚಿಪ್ ಹಳೆಯದಿದ್ದರೆ ಮಾತ್ರ ಏನೂ ಸಾಬೀತಾಗಲ್ಲ, ಇಪ್ರೋಮ್ ಎಷ್ಟೋ ಸಲ ಅಳಿಸಿ ಬಳಸುವ ಸಾಮಾನು. ಸ್ಟಿಕರ್ ಕೀಳದೆಯೇ ಚಿಪ್ಪಿನ ಅಳತೆಯನ್ನೂ ಅಂದಾಜು ಮಾಡಬಹುದು. ಕಾಲು ಎಣಿಸಿ. ಈ 27 ಸರಣಿಯ ಚಿಪ್‌ಗಳಲ್ಲಿ 28 ಕಾಲಿದ್ದರೆ ಒಳಗೆ ಹೆಚ್ಚೆಂದರೆ 64 ಕೆಬಿ. 32 ಕಾಲಿದ್ದರೆ 128 ಕೆಬಿಯಿಂದ 1 ಎಂಬಿ ತನಕ ಇರಬಹುದು. ಗೇಮ್ ಬಾಯ್ ಕಲರ್ ಬಂದದ್ದು 1998ರ ಕೊನೆಯಲ್ಲಿ. 1999ರ ಮಾರ್ಚ್ ಡೆಮೊ ಅಂದರೆ 32 ಕಾಲು ಇರುವುದು ಸಹಜ.

ಇಂಥ ಅರೆಬರೆ ಆಟಕ್ಕೆ ಜನ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನಿಮಗೆ ಅನಿಸಬಹುದು. ಮೂರ್ನಾಲ್ಕು ನಿಜವಾದ ಉದಾಹರಣೆ ಹೇಳುತ್ತೇನೆ.

1997ರ ನವೆಂಬರ್‌ನಲ್ಲಿ ಜಪಾನಿನ ಸ್ಪೇಸ್ ವರ್ಲ್ಡ್ ಮೇಳದಲ್ಲಿ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಡೆಮೊ ಇಟ್ಟಿದ್ದರು. ಗೇಮ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1999ರ ನವೆಂಬರ್‌ನಲ್ಲಿ. ನಡುವೆ ಎರಡು ವರ್ಷ. ಆ ಎರಡು ವರ್ಷದಲ್ಲಿ ಏನಾಯಿತು ಅನ್ನೋದು ಹಳೆ ಪತ್ರಿಕೆಗಳ ಮಸುಕು ಚಿತ್ರಗಳಿಂದ ಊಹಿಸಬೇಕಿತ್ತು. 2018ರ ಮೇ ಕೊನೆಗೆ ಆ ಡೆಮೊ ಹೊರಬಂತು. ತೆರೆದು ನೋಡಿದರೆ ಬೇರೆಯದೇ ಆಟ! ಭೂಪಟ ಇಡೀ ಜಪಾನಿನ ಆಕಾರದಲ್ಲಿತ್ತು. ಆಟದ ಮೊದಲಲ್ಲಿ ಆರಿಸಿಕೊಳ್ಳುವ ಪ್ರಾಣಿಗಳಲ್ಲಿ ಬೆಂಕಿಯ ಕರಡಿಮರಿ, ನೀರಿನ ಸೀಲ್ ಮರಿ ಇದ್ದವು. ಕೊನೆಗೆ ಬಂದ ಗೇಮ್‌ನಲ್ಲಿ ಅವೆರಡೂ ಇಲ್ಲ. ಎಷ್ಟೋ ಜೀವಿಗಳನ್ನು ಬರೆದು, ಬಣ್ಣ ಹಾಕಿ, ಹೆಸರಿಟ್ಟು, ಕೈಬಿಟ್ಟಿದ್ದರು. ಕೋಟ್ಯಂತರ ಮಕ್ಕಳು ಆಡಿದ ಆಟ ಹೇಗೆ ರೂಪ ಪಡೆಯಿತು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಾ? ಸಂದರ್ಶನಗಳಲ್ಲಿ ಜನ ನೆನಪಿನಿಂದ ಹೇಳುತ್ತಾರೆ, ನೆನಪು ಅತ್ತಿತ್ತ ಆಗುತ್ತದೆ. ಬೈಟ್‌ಗಳಿಗೆ ಆ ಕಾಯಿಲೆ ಇಲ್ಲ.

ರೆಸಿಡೆಂಟ್ ಈವಿಲ್‌ನದು ಬೇರೆ ಥರ. ಪ್ಲೇಸ್ಟೇಷನ್‌ನ ಆ ದೊಡ್ಡ ಗೇಮನ್ನು ಗೇಮ್ ಬಾಯ್ ಕಲರ್‌ನ 160 ಕ್ಕೆ 144 ಚುಕ್ಕಿಯ ಪರದೆಗೆ ಇಳಿಸಲು ಹಾಟ್‌ಜೆನ್ ಎಂಬ ಬ್ರಿಟಿಷ್ ಕಂಪನಿ ಹೊರಟಿತ್ತು. ಹುಚ್ಚು ಧೈರ್ಯ, ಅಲ್ವಾ? ಗುಣಮಟ್ಟ ಸಾಲದು ಅಂತ ಮೂಲ ಗೇಮಿನ ಕಂಪನಿ ಕ್ಯಾಪ್‌ಕಾಮ್ 2000ದಲ್ಲಿ ನಿಲ್ಲಿಸಿತು. 2012ರಲ್ಲಿ ಹೆಸರು ಹೇಳದ ಒಬ್ಬರು, ನನ್ನ ಹತ್ತಿರ ಅದರ ಇಪ್ರೋಮ್ ಇದೆ, 2000 ಡಾಲರ್ ಕೂಡಿಸಿದರೆ ಎಲ್ಲರಿಗೂ ಬಿಡುತ್ತೇನೆ ಅಂದರು. ಅಭಿಮಾನಿಗಳು ಕೂಡಿಸಿದರು, ಅವರು ಬಿಟ್ಟರು. ಆಟ ಪೂರ್ತಿ ಇಲ್ಲ. ಆದರೆ ಅಷ್ಟು ಚಿಕ್ಕ ಯಂತ್ರದಲ್ಲಿ ಆ ಹಿನ್ನೆಲೆ ಚಿತ್ರಗಳನ್ನು ಹೇಗೆ ತುರುಕಿದ್ದಾರೆ ಅಂತ ನೋಡಿದರೆ, ನಿಲ್ಲಿಸಿದ್ದು ಸರಿ ಅಂತ ಒಪ್ಪಿಕೊಂಡೂ ಮೆಚ್ಚಬೇಕು ಅನಿಸುತ್ತದೆ.

ಕಂಪನಿಗಳ ಕೊಡುಕೊಳ್ಳುವಿಕೆಯಲ್ಲಿ ಸಿಕ್ಕಿಕೊಂಡ ಗೇಮ್‌ಗಳೂ ಇವೆ. ಬ್ರಿಟನ್ನಿನ ರೇರ್ ಕಂಪನಿ ಗೇಮ್ ಬಾಯ್ ಅಡ್ವಾನ್ಸ್‌ಗೆ ‘ಡಿಡ್ಡಿ ಕಾಂಗ್ ಪೈಲಟ್’ ಮಾಡುತ್ತಿತ್ತು. 2001ರ ಇ3 ಮೇಳದಲ್ಲಿ ತೋರಿಸಿಯೂ ಇತ್ತು. 2002ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ರೇರ್ ಅನ್ನು ಕೊಂಡಿತು. ಡಿಡ್ಡಿ ಕಾಂಗ್ ನಿಂಟೆಂಡೊದ ಸ್ವತ್ತು, ಅದನ್ನು ಇಟ್ಟುಕೊಳ್ಳುವಂತಿಲ್ಲ. ಪಾತ್ರಗಳನ್ನು ಬದಲಿಸಿ 2005ರಲ್ಲಿ ‘ಬ್ಯಾಂಜೊ ಪೈಲಟ್’ ಅಂತ ಬಿಟ್ಟರು. ಹಳೆ ಪಾತ್ರಗಳಿದ್ದ ಒಂದು ಆವೃತ್ತಿ 2011ರಲ್ಲಿ ಹೊರಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಅಂತ ಕಣ್ಣಿಗೇ ಕಾಣುತ್ತದೆ.

ಮತ್ತೆ ಕೆಲವು ಗೇಮ್‌ಗಳಿಗೆ ಹೊಡೆತ ಕೊಟ್ಟದ್ದು ಹೊಸ ಯಂತ್ರ. ಗೇಮ್ ಬಾಯ್ ಅಡ್ವಾನ್ಸ್ 2001ರಲ್ಲಿ ಬಂತು. ಆಗ ಕಲರ್‌ಗೆ ಅರ್ಧ ಮಾಡಿದ್ದ ಗೇಮ್‌ಗಳಿಗೆ ಪ್ರಕಾಶಕರು ಸಿಗದೆ ಹೋದರು. ‘ಇನ್ಫಿನಿಟಿ’ ಎಂಬ ಆಟವನ್ನು ಅಫಿನಿಕ್ಸ್ ಎಂಬ ಸಣ್ಣ ತಂಡ ಬಹುಪಾಲು ಮುಗಿಸಿ ಕೈಬಿಟ್ಟಿತ್ತು. 2016ರಲ್ಲಿ ಅವರೇ ಅದನ್ನು ಉಚಿತವಾಗಿ ಬಿಟ್ಟರು. ಅಡ್ವಾನ್ಸ್‌ಗೆ ಅಂತ ಶುರುಮಾಡಿ ಪ್ರಕಾಶಕರಿಲ್ಲದೆ ನಿಂತಿದ್ದ ‘ಶಾಂಟೆ ಅಡ್ವಾನ್ಸ್’ ಅನ್ನು ವೇಫಾರ್ವರ್ಡ್ ಕಂಪನಿ ಇಪ್ಪತ್ತು ವರ್ಷದ ಮೇಲೆ ಮತ್ತೆ ಎತ್ತಿಕೊಂಡು 2025ರಲ್ಲಿ ಮಾರಾಟಕ್ಕೇ ತಂದಿತು. ಹಳೆ ಕೆಲಸ ಯಾರೋ ಎತ್ತಿಟ್ಟಿದ್ದರಿಂದ ತಾನೇ ಇದಾದದ್ದು.

ಬಿಡುಗಡೆಯಾದ ಗೇಮ್‌ಗಳ ಸ್ಥಿತಿಯೇ ಚೆನ್ನಾಗಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ 87 ಪರ್ಸೆಂಟ್ ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಬಿಡುಗಡೆಯೇ ಆಗದವುಗಳ ಪಾಡು ನೀವೇ ಊಹಿಸಿ. ಅವುಗಳಿಗೆ ಎಷ್ಟೋ ಸಲ ಉಳಿದಿರುವುದು ಒಂದೇ ಒಂದು ಚಿಪ್.

ಸರಿ, ಓದಿಸುವ ಕೆಲಸಕ್ಕೆ ಬರೋಣ. ನನ್ನ ಪ್ರಕಾರ ನಿಮ್ಮ ಐದು ಸಾವಿರದ ಪ್ರಶ್ನೆಗಿಂತ ಇದು ದೊಡ್ಡದು.

ದಾರಿ ಎರಡು. ಚಿಪ್ ಸಾಕೆಟ್ ಮೇಲೆ ಕೂತಿದ್ದರೆ ಬಿಡಿಸಿ, ಯೂನಿವರ್ಸಲ್ ಪ್ರೋಗ್ರಾಮರ್ ಎಂಬ, ಚಿಪ್ ಓದುವ, ಬರೆಯುವ ಯಂತ್ರದಲ್ಲಿ ನೇರ ಓದಬಹುದು. ಬೆಸುಗೆ ಹಾಕಿದ್ದರೆ ಕಾರ್ಟ್ರಿಜ್ ಸಮೇತ ಓದುವ ಯಂತ್ರ ಬೇಕು. ಬೆಸುಗೆ ಬಿಡಿಸುವ ಸಾಹಸ ಬೇಡವೇ ಬೇಡ. ಸಾಕೆಟ್ ಇದ್ದರೂ, ಹಳೆ ಚಿಪ್ಪಿನ ಕಾಲು ಬಗ್ಗಿಸಿದರೆ ಮುರಿಯುವಷ್ಟು ಪೆಡಸಾಗಿರುತ್ತವೆ. ಹಾಗಾಗಿ ಮೊದಲು ಕಾರ್ಟ್ರಿಜ್ ಸಮೇತ ಓದಿ ನೋಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ ಅಂತ ಒಂದು ಸಣ್ಣ ಯಂತ್ರ ಇದೆ, ಯುಎಸ್‌ಬಿಗೆ ಹಾಕುವುದು. ಅದರ ಜೊತೆ ಫ್ಲ್ಯಾಶ್‌ಜಿಬಿಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್. ಮೊದಲು ವೋಲ್ಟೇಜ್ ನೋಡಿ. ಗೇಮ್ ಬಾಯ್ ಮತ್ತು ಕಲರ್ ಕಾರ್ಟ್ರಿಜ್‌ಗೆ 5 ವೋಲ್ಟ್, ಅಡ್ವಾನ್ಸ್‌ಗೆ 3.3 ವೋಲ್ಟ್. ಆಮೇಲೆ ಬಹಳ ಜನ ಎಡವುವ ಜಾಗ ಒಂದಿದೆ. ಸಾಫ್ಟ್‌ವೇರ್ ಗೇಮಿನ ಅಳತೆಯನ್ನು ಕಾರ್ಟ್ರಿಜ್ ಒಳಗಿನ ತಲೆಬರಹದಿಂದಲೇ, ಅಂದರೆ ಗೇಮಿನ ವಿವರ ಇರುವ ಶುರುವಿನ ಭಾಗದಿಂದಲೇ, ಓದಿಕೊಳ್ಳುತ್ತದೆ. ಅಂಗಡಿಯ ಗೇಮ್‌ನಲ್ಲಿ ಅದು ಸರಿ ಇರುತ್ತದೆ. ಪ್ರೊಟೊಟೈಪ್‌ನಲ್ಲಿ ಆ ಜಾಗವನ್ನು ತುಂಬದೆ ಬಿಟ್ಟಿರುತ್ತಾರೆ, ಅಥವಾ ಹಳೆ ಗೇಮಿನದನ್ನೇ ಉಳಿಸಿರುತ್ತಾರೆ. 32 ಕೆಬಿ ಅಂತ ಬರೆದಿದ್ದು ಒಳಗೆ 512 ಕೆಬಿ ಇದ್ದರೆ, ಸಾಫ್ಟ್‌ವೇರ್ ಹೇಳಿದ್ದನ್ನು ನಂಬಿದವರು ಗೇಮಿನ ಬಾಲ ಹಿಡಿದು ಆನೆ ನೋಡಿದೆವು ಅಂದುಕೊಳ್ಳುತ್ತಾರೆ. ಅಳತೆಯನ್ನು ಕೈಯಾರೆ ದೊಡ್ಡದಾಗಿ ಇಡಿ. ಜಾಸ್ತಿ ಓದಿದರೆ ನಷ್ಟ ಇಲ್ಲ, ಅದೇ ಡೇಟಾ ಮತ್ತೆ ಮತ್ತೆ ಬರುತ್ತದೆ, ಆಮೇಲೆ ಕತ್ತರಿಸಬಹುದು. ಬ್ಯಾಂಕ್ ಬದಲಿಸುವ ಚಿಪ್ ಯಾವುದು ಅನ್ನೋದನ್ನೂ ಹೀಗೇ ಕೈಯಾರೆ ಆರಿಸಬೇಕಾಗಬಹುದು. ಗೇಮ್ ಬಾಯ್‌ನ ಪ್ರೊಸೆಸರಿಗೆ ಒಂದು ಸಲಕ್ಕೆ ಕಾರ್ಟ್ರಿಜ್‌ನ 32 ಕೆಬಿ ಮಾತ್ರ ಕಾಣುತ್ತದೆ. ಉಳಿದದ್ದನ್ನು 16 ಕೆಬಿ ತುಂಡುಗಳಲ್ಲಿ ಬದಲಿಸಿ ಬದಲಿಸಿ ತೋರಿಸುವುದು ಆ ಚಿಪ್. ಕಲರ್ ಕಾಲದ್ದಾದರೆ ಎಂಬಿಸಿ5 ಎಂಬ ಜಾತಿಯ ಚಿಪ್ ಅಂತ ಶುರುಮಾಡಿ.

ಕಡಿಮೆ ಅಂದರೂ ಮೂರು ಸಲ ಓದಿ, ಪ್ರತಿ ಸಲ ಕಾರ್ಟ್ರಿಜ್ ತೆಗೆದು ಹಾಕಿ. ಮೂರು ಫೈಲಿನ ಎಸ್‌ಎಚ್‌ಎ-1 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಒಂದೇ ಬಂದರೆ ಓದು ಸ್ಥಿರವಾಗಿದೆ. ಬೇರೆ ಬೇರೆ ಬಂದರೆ ಪಿನ್ ಮತ್ತೆ ಒರೆಸಿ ಓದಿ. ಆಗಲೂ ಅವೇ ಕೆಲವು ಜಾಗದಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಅದು ಸೋರುತ್ತಿರುವ ಬಿಟ್. ಇಲ್ಲಿ ಇಪ್ರೋಮ್‌ನ ಸ್ವಭಾವ ನಮ್ಮ ಸಹಾಯಕ್ಕೆ ಬರುತ್ತದೆ. ಚಾರ್ಜ್ ಸೋರಿದರೆ 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು ತಾನಾಗಿ 0 ಆಗಲ್ಲ. ಹಾಗಾಗಿ ಒಂದು ಬಿಟ್ ಒಮ್ಮೆ 0, ಒಮ್ಮೆ 1 ಅಂತ ಓದಿದರೆ, ಮೊದಲು ಅದು 0 ಇತ್ತು ಅಂತ ಹಿಡಿಯುವುದು ಸರಿ. ಪ್ರೋಗ್ರಾಮರ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿಸಿ, ಅಂದರೆ 5ರ ಬದಲು 4.5ರ ಸುಮಾರಿಗೆ ಇಟ್ಟು ಓದಿದರೆ ಇಂಥ ಬಡಕಲು ಬಿಟ್‌ಗಳು ಎಷ್ಟೋ ಸಲ ಸರಿಯಾಗಿ ಓದುತ್ತವೆ.

ಕಲಬುರಗಿಗೆ ತಂದು ಮಾಡಿಸುತ್ತೀರಾದರೆ ಸೂಪರ್ ಮಾರ್ಕೆಟ್ ಕಡೆ ಚಿಪ್ ಲೆವೆಲ್ ಲ್ಯಾಪ್‌ಟಾಪ್ ರಿಪೇರಿ ಮಾಡುವವರನ್ನು ವಿಚಾರಿಸಿ. ಆದರೆ ಕೇಳಿ ಕೊಡಿ. ಬಯೋಸ್ ಬರೆಯೋಕೆ ಎಲ್ಲರ ಹತ್ತಿರ ಇರುವ ಸಿಎಚ್341ಎ ಎಂಬ ಅಗ್ಗದ ಯಂತ್ರಕ್ಕೆ ಈ ಚಿಪ್ ಓದೋಕೆ ಬರಲ್ಲ, ಅದು ಎಂಟು ಕಾಲಿನ ಸೀರಿಯಲ್ ಚಿಪ್‌ಗೆ. ಟಿಎಲ್866 ಅಥವಾ ಟಿ48 ಥರದ್ದು ಬೇಕು. ‘ಐಡಿ ಚೆಕ್’ ಅನ್ನೋದನ್ನು ಆಫ್ ಮಾಡಿಸಿ. ಅದು ಒಂದು ಕಾಲಿಗೆ 12 ವೋಲ್ಟಿನ ಆಸುಪಾಸು ಕಳಿಸುತ್ತದೆ, ಚಿಪ್ ತಪ್ಪಾಗಿ ಆರಿಸಿದ್ದರೆ ಅಪಾಯ. ಯಂತ್ರಕ್ಕೆ ಇಪ್ರೋಮ್ ಅಳಿಸೋಕೆ ಬರಲ್ಲ ನಿಜ, ಆದರೆ ಯಾರಾದರೂ ‘ಪ್ರೋಗ್ರಾಮ್’ ಒತ್ತಿದರೆ 1 ಇದ್ದ ಬಿಟ್‌ಗಳು 0 ಆಗಿಬಿಡುತ್ತವೆ. ‘ರೀಡ್’ ಒಂದೇ, ಬೇರೆ ಬಟನ್ ಮುಟ್ಟಬೇಡಿ ಅಂತ ಮೊದಲೇ ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ. ಬಿಟ್ಟು ಬರಬೇಡಿ.

ಫೈಲ್ ಕೈಗೆ ಬಂದ ಮೇಲೆ ಹೆಕ್ಸ್ ಎಡಿಟರ್‌ನಲ್ಲಿ, ಅಂದರೆ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಸಾಫ್ಟ್‌ವೇರ್‌ನಲ್ಲಿ, ತೆರೆಯಿರಿ. 0104ನೇ ಜಾಗದಿಂದ 48 ಬೈಟ್ ನಿಂಟೆಂಡೊ ಹೆಸರಿನ ಚಿತ್ರ. 0134ರಿಂದ ಗೇಮಿನ ಹೆಸರು, ಇಂಗ್ಲಿಷ್ ದೊಡ್ಡಕ್ಷರದಲ್ಲಿ. 0143ರಲ್ಲಿ 80 ಇದ್ದರೆ ಹಳೆ ಕಪ್ಪುಬಿಳುಪು ಗೇಮ್ ಬಾಯ್‌ನಲ್ಲೂ, ಕಲರ್‌ನಲ್ಲೂ ನಡೆಯುವ ಗೇಮ್. ಆವೃತ್ತಿ ಸಂಖ್ಯೆ 0 ಇದ್ದರೆ ಹಿಗ್ಗಬೇಡಿ, ಅಂಗಡಿಗೆ ಬಂದ ಮೊದಲ ಆವೃತ್ತಿಯೂ 0ಯೇ. ತಲೆಬರಹದ ಕೊನೆಯಲ್ಲಿ ಇಡೀ ಗೇಮಿನ ಮೊತ್ತ ಒಂದು ಬರೆದಿರುತ್ತದೆ. ಅದು ತಾಳೆಯಾಗದಿದ್ದರೆ ಓದು ಕೆಟ್ಟಿದೆ ಅಂತ ಗಾಬರಿ ಬೇಡ. ಆ ಮೊತ್ತವನ್ನು ಗೇಮ್ ಬಾಯ್ ಪರೀಕ್ಷಿಸುವುದೇ ಇಲ್ಲ. ಹಾಗಾಗಿ ಕೆಲಸ ನಡೆಯುತ್ತಿದ್ದಾಗಿನ ಪ್ರತಿಗಳಲ್ಲಿ ಅದನ್ನು ಸರಿಮಾಡುವ ಗೋಜಿಗೆ ಹೋಗಿರಲ್ಲ.

ತೀರ್ಮಾನ ಮಾಡುವ ಪರೀಕ್ಷೆ ಮುಂದಿನದು. ನೋ-ಇಂಟ್ರೊ ಎಂಬ ದತ್ತಾಂಶ ಪಟ್ಟಿಯಲ್ಲಿ ಬಿಡುಗಡೆಯಾದ ಗೇಮ್‌ಗಳ ಹ್ಯಾಶ್ ಇವೆ. ನಿಮ್ಮ ಫೈಲಿನ ಎಸ್‌ಎಚ್‌ಎ-1 ಅದರಲ್ಲಿ ಹುಡುಕಿ. ಸಿಕ್ಕಿದರೆ ನಿಮ್ಮದು ಗೊತ್ತಿರುವ ಗೇಮೇ. ಸಿಗದಿದ್ದರೆ, ಅದೇ ಹೆಸರಿನ ಗೇಮ್ ಬಿಡುಗಡೆಯಾಗಿದೆಯಾ ನೋಡಿ. ಆಗಿದ್ದರೆ ನಿಮ್ಮದು ಅದರ ಹಳೆ ರೂಪ ಇರಬಹುದು, ಇಲ್ಲವೇ ಯಾರೋ ತಿದ್ದಿದ ನಕಲಿ. ಎರಡನ್ನೂ ಹೋಲಿಸಿದಾಗ ಕಂಪನಿಯ ಹೆಸರು, ಕಾಪಿರೈಟ್ ಸಾಲು ಮಾತ್ರ ಹೋಗಿ ಉಳಿದದ್ದೆಲ್ಲ ಒಂದೇ ಇದ್ದರೆ ಪೈರೇಟೆಡ್ ಅನ್ನಿ. ಲೆವೆಲ್, ಚಿತ್ರ, ಸಂಗೀತ, ಕೋಡ್ ಎಲ್ಲೆಡೆ ವ್ಯತ್ಯಾಸ ಇದ್ದರೆ ಅದು ಬೇರೆಯದೇ ವಿಷಯ.

ಎಸ್‌ಎಚ್‌ಎ ಸಿಗದೆ ಹೋದರೆ ಸುಮ್ನೆ ಕೂರಬೇಡಿ, ಬಿಜಿಬಿ ಅಥವಾ ಸೇಮ್‌ಬಾಯ್ ಎಂಬ ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲೇ ಗೇಮ್ ಬಾಯ್ ಥರ ನಡೆಯುವ ಸಾಫ್ಟ್‌ವೇರ್‌ನಲ್ಲಿ, ಹಾಕಿ ನೋಡಿ. ಅವುಗಳಲ್ಲಿ ಯಂತ್ರದ ವಿಡಿಯೊ ಮೆಮೊರಿ ತೋರಿಸುವ ಕಿಟಕಿ ಇದೆ. ಗೇಮ್ ಬಾಯ್‌ನ ಚಿತ್ರಗಳೆಲ್ಲ 8 ಕ್ಕೆ 8 ಚುಕ್ಕಿಯ ತುಣುಕುಗಳು, ಒಂದೊಂದಕ್ಕೆ 16 ಬೈಟ್. ಬರೀ ರೋಮ್ ಫೈಲನ್ನೇ ಇಂಥ ತುಣುಕುಗಳಾಗಿ ತೋರಿಸುವ ಸಾಫ್ಟ್‌ವೇರ್ ಕೂಡ ಇವೆ. ಆಟದಲ್ಲಿ ಎಲ್ಲೂ ಕಾಣದ ಶತ್ರುಗಳು, ಬಿಟ್ಟುಹೋದ ಲೆವೆಲ್‌ನ ಗೋಡೆಗಳು, ಹಳೆ ಲೋಗೊ ಎಲ್ಲ ಅಲ್ಲೇ ಬಿದ್ದಿರುತ್ತವೆ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಮಜಾ ಇರುವುದು ಇಲ್ಲೇ.

ಮಾರಾಟದ ವಿಷಯ. ಫೈಲ್ ಇಳಿಸಿಕೊಂಡ ಮೇಲೆ ವಸ್ತು ಮಾರುವುದು ಬಿಡುವುದು ನಿಮ್ಮ ಮನೆಯವರ ಇಷ್ಟ. ಬೆಲೆ ನಾನು ಹೇಳಲ್ಲ. ಬಿಡುಗಡೆಯಾದ ಗೇಮಿನದೇ ಪ್ರತಿ ಅಂತ ತಿಳಿದರೆ ಐದು ಸಾವಿರಕ್ಕೆ ಸಂತೋಷವಾಗಿ ಕೊಡಿ. ಅಲ್ಲವಾದರೆ ನಿಧಾನ ಮಾಡಿ. ಕೊಳ್ಳುವವರು ‘ಡೇಟಾ ಓದಿಸಬೇಡಿ, ಓದಿಸಿದರೆ ಬೆಲೆ ಬೀಳುತ್ತದೆ’ ಅಂದರೆ ಒಪ್ಪಬೇಡಿ. ಬೀರುವಿನಲ್ಲಿ ಬೀಗ ಹಾಕಿಟ್ಟರೂ ಬಿಟ್ ಸೋರುವುದು ನಿಲ್ಲಲ್ಲ, ಬೆಲೆ ಉಳಿಸೋಕೆ ಹೋಗಿ ಗೇಮೇ ಖಾಲಿಯಾಗುತ್ತದೆ.

ಹಂಚುವ ವಿಷಯ ಸ್ವಲ್ಪ ಸೂಕ್ಷ್ಮ. ಕಾರ್ಟ್ರಿಜ್ ನಿಮ್ಮದಾದರೂ ಗೇಮಿನ ಹಕ್ಕು ಕಂಪನಿಯದೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಂ ಅನ್ನು ಕಾನೂನು ಪ್ರಕಾರ ಇಟ್ಟುಕೊಂಡವರು ನಾಶವಾಗದಿರಲಿ ಅಂತ ಬ್ಯಾಕಪ್ ಮಾಡಿಕೊಳ್ಳಬಹುದು. ಅದನ್ನು ಊರಿಗೆಲ್ಲ ಹಂಚೋಕೆ ಅದು ಪರವಾನಗಿ ಅಲ್ಲ. ಹಾಗಾಗಿ ನಿಮ್ಮದಕ್ಕೊಂದು ಪ್ರತಿ ಇಟ್ಟುಕೊಳ್ಳಿ, ನಿಜಕ್ಕೂ ಹೊಸದು ಅಂತ ಖಾತ್ರಿಯಾದರೆ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಥರದವರಿಗೆ ಪತ್ರ ಬರೆದು ಕೇಳಿ. 2020ರಲ್ಲಿ ನಿಂಟೆಂಡೊದ ಒಳಗಿನ ಫೈಲ್‌ಗಳನ್ನು ಕದ್ದು ಇಂಟರ್‌ನೆಟ್‌ಗೆ ಸುರಿದಾಗ ಇತಿಹಾಸಕ್ಕೆ ಲಾಭ ಆಯಿತು ಅನ್ನುವವರಿದ್ದಾರೆ. ಲಾಭ ಆದದ್ದು ನಿಜ. ಆದರೆ ಅದರಲ್ಲಿ ಕೆಲಸಗಾರರ ಖಾಸಗಿ ಮಾತುಗಳೂ ಹೊರಬಿದ್ದವು. ನಿಮ್ಮ ಮಾವ ತಂದ ಡಬ್ಬಿಗೂ ಆ ಕಳ್ಳತನಕ್ಕೂ ಸಂಬಂಧ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ಕಿವಿಗೊಡಬೇಡಿ.

ಕೊನೆಯದಾಗಿ ನಿಮ್ಮ ಮಾವನವರ ಹತ್ತಿರ ಕೂತು ಮಾತಾಡಿ. ಅಂಗಡಿ ದುಬೈನ ಯಾವ ಭಾಗದಲ್ಲಿತ್ತು, ಈ ಕಾರ್ಟ್ರಿಜ್ ಕೊಟ್ಟವರು ಯಾರು, ಕಂಪನಿಯ ಏಜೆಂಟರು ಸ್ಯಾಂಪಲ್ ತರುತ್ತಿದ್ದರಾ, ಜೊತೆಗೆ ಚೀಟಿ, ರಸೀದಿ ಏನಾದರೂ ಇತ್ತಾ ಅಂತ ಕೇಳಿ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಕಾರ್ಟ್ರಿಜ್‌ನ ಎರಡೂ ಬದಿ, ಸ್ಟಿಕರ್, ಬೋರ್ಡ್ ಮೇಲಿನ ನಂಬರ್, ಚಿಪ್ಪಿನ ಹೊಟ್ಟೆ ಇವೆಲ್ಲದರ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಮೂರೂ ಓದಿನ ಫೈಲ್‌ಗಳನ್ನು ಕತ್ತರಿಸದೆ, ತಿದ್ದದೆ ಒಂದು ಫೋಲ್ಡರಿನಲ್ಲಿ ಹಾಕಿ. ಮಾವನ ಮಾತುಗಳ ಟಿಪ್ಪಣಿಯೂ ಅದರಲ್ಲೇ ಇರಲಿ. ಹ್ಯಾಶ್ ಪಟ್ಟಿಯಲ್ಲಿ ಸಿಗದಿದ್ದರೆ ಆ ಫೋಟೊ, ಟಿಪ್ಪಣಿ, ಮೊದಲ 512 ಬೈಟ್‌ನ ಸ್ಕ್ರೀನ್‌ಶಾಟ್ ಇಷ್ಟು ನನಗೆ ಕಳಿಸಿ. ಕಾರ್ಟ್ರಿಜ್ ಕೊರಿಯರ್ ಮಾಡಬೇಡಿ.